ಇಂಗ್ಲಿಷ್ ಪೇಪರ್: ಪ್ರೊನೌನ್ ಯಾರನ್ನು ಹೇಳುತ್ತದೆ, ಮಾಡಿಫೈಯರ್ ಯಾರಿಗೆ ಅಂಟುತ್ತದೆ?

ತುಂಗಾತೀರ:
ಕೇಂದ್ರ ಸರ್ಕಾರದ ಕೆಲಸಕ್ಕೆ ಅಂತ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ ಓದುತ್ತಿದ್ದೇನೆ, ಜೊತೆಗೆ ಬ್ಯಾಂಕ್ ಪರೀಕ್ಷೆನೂ ಬರೆಯುತ್ತೇನೆ. ಪದಗಳ ಪ್ರಶ್ನೆ ಹೇಗೋ ಆಗುತ್ತದೆ. ತಪ್ಪು ಹುಡುಕುವ ಪ್ರಶ್ನೆ ಬಂದರೆ ಕೈ ನಡುಗುತ್ತದೆ, ಅದರಲ್ಲೂ ಪ್ರೊನೌನ್ (ಸರ್ವನಾಮ) ಮತ್ತು ಮಾಡಿಫೈಯರ್ (ಇನ್ನೊಂದು ಪದವನ್ನು ವಿವರಿಸುವ ಪದ ಅಥವಾ ಪದಗುಚ್ಛ) ಬಂದರೆ. ಈ ಮೂರು ವಾಕ್ಯ ನೋಡಿ, ಮೂರೂ ನಮ್ಮ ಕೋಚಿಂಗ್ ನೋಟ್ಸ್‌ನಿಂದ ಎತ್ತಿದ್ದು.

ಮೊದಲನೆಯದು: "ವಾಕಿಂಗ್ ಟು ದ ಬಸ್ ಸ್ಟ್ಯಾಂಡ್, ಅ ಡಾಗ್ ಬಿಟ್ ಮೀ." ತಪ್ಪು ಅಂತ ಇದೆ. ನನಗೆ ಎಷ್ಟು ಸಲ ಓದಿದರೂ ಸರಿಯಾಗೇ ಕೇಳಿಸುತ್ತದೆ.

ಎರಡನೆಯದು: "ದ ಮ್ಯಾನೇಜರ್ ಟೋಲ್ಡ್ ದ ಕ್ಲರ್ಕ್ ದಟ್ ಹೀ ಹ್ಯಾಡ್ ಮೇಡ್ ಅ ಮಿಸ್ಟೇಕ್." ಇದೂ ತಪ್ಪಂತೆ, "ಹೀ" ಯಾರು ಅಂತ ಗೊತ್ತಾಗಲ್ಲ ಅಂತ. ಸರಿ, ಒಪ್ಪಿದೆ. ಆದರೆ ನ್ಯೂಸ್ ಪೇಪರಿನಲ್ಲಿ ದಿನಾ ಇಂಥದ್ದೇ ವಾಕ್ಯ ಓದುತ್ತೇವೆ, ಅಲ್ವಾ?

ಮೂರನೆಯದು: "ದ ಟೀಚರ್ಸ್ ಪೇಷನ್ಸ್ ಹೆಲ್ಪ್ಡ್ ಹರ್ ಹ್ಯಾಂಡಲ್ ದ ಕ್ಲಾಸ್." ಇದು ತಪ್ಪು, ಯಾಕೆಂದರೆ "ಟೀಚರ್ಸ್" ಅನ್ನೋದು ಷಷ್ಠಿ ರೂಪ, ಅದಕ್ಕೆ "ಹರ್" ತಗಲಬಾರದು ಅಂತ ನೋಟ್ಸ್ ಹೇಳುತ್ತದೆ. ಇಂಥದ್ದೇ ಇನ್ನೊಂದು ವಾಕ್ಯಕ್ಕೆ ಅದೇ ನೋಟ್ಸಿನ ಹಿಂದಿನ ಪುಟದಲ್ಲಿ "ನೋ ಎರರ್" ಅಂತ ಇದೆ. ಯಾವುದನ್ನು ನಂಬೋದು?

ಹಳೇ ಮೇಷ್ಟ್ರು:
ಮೂರೂ ಬೇರೆ ಬೇರೆ ಕಾಯಿಲೆ. ಒಂದನ್ನೇ ಇಟ್ಟುಕೊಂಡು ಶುರು ಮಾಡೋಣ.

ನಾಯಿ ವಾಕ್ಯ ನಿಮಗೆ ಸರಿ ಅನ್ನಿಸುವುದಕ್ಕೆ ಕಾರಣ ಕನ್ನಡ. "ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗುವಾಗ ನಾಯಿ ಕಚ್ಚಿತು" ಅಂದರೆ ನಡೆಯುತ್ತಿದ್ದವರು ನೀವು, ಕಚ್ಚಿದ್ದು ನಾಯಿ, ಯಾರಿಗೂ ಅನುಮಾನ ಬರಲ್ಲ. "ಹೋಗುವಾಗ" ಅನ್ನೋದಕ್ಕೆ ಕರ್ತೃ ಬೇರೆ ಇರಬಹುದು, ಅದನ್ನು ಬಾಯಿ ಬಿಟ್ಟು ಹೇಳಲೂ ಬೇಕಾಗಿಲ್ಲ. ಈಗ ಒಂದು ಚೂರು ಬದಲಾಯಿಸಿ: "ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ ನಾಯಿ ಕಚ್ಚಿತು." ಈಗ? ನಾಯಿಯೇ ಬಸ್ ಸ್ಟ್ಯಾಂಡಿಗೆ ಹೋಗಿ ಯಾರನ್ನೋ ಕಚ್ಚಿ ಬಂತು ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಶುರುವಿಗೆ ಬಂದು ಕಾಮಾ ಹಾಕಿಸಿಕೊಳ್ಳುವ "ಇಂಗ್" ರೂಪ ಇದೆಯಲ್ಲ, ಅದನ್ನು ನಾವು "ಹೋಗುವಾಗ" ಅಂತ ಓದುತ್ತೇವೆ, ಆದರೆ ಅದು ನಡೆದುಕೊಳ್ಳುವುದು "ಹೋಗಿ" ಥರ. ಕಾಮಾ ಆದ ಮೇಲೆ ಬರುವ ಕರ್ತೃವೇ ಆ ಕೆಲಸ ಮಾಡಿದವನು. ಇಲ್ಲಿ ಕಾಮಾ ಆದ ಮೇಲೆ ಇರುವುದು ನಾಯಿ.

ಸರಿ ಮಾಡಲು ಎರಡು ದಾರಿ. ಕರ್ತೃವನ್ನು ಬದಲಿಸಿ: "ವಾಕಿಂಗ್ ಟು ದ ಬಸ್ ಸ್ಟ್ಯಾಂಡ್, ಐ ವಾಸ್ ಬಿಟನ್ ಬೈ ಅ ಡಾಗ್." ಇಲ್ಲವೇ ಮೊದಲ ಭಾಗಕ್ಕೆ ಅದರದೇ ಕರ್ತೃ ಕೊಡಿ: "ವೈಲ್ ಐ ವಾಸ್ ವಾಕಿಂಗ್ ಟು ದ ಬಸ್ ಸ್ಟ್ಯಾಂಡ್, ಅ ಡಾಗ್ ಬಿಟ್ ಮೀ." ಸುಮ್ನೆ "ವೈಲ್" ಒಂದನ್ನೇ ಸೇರಿಸಿ "ವೈಲ್ ವಾಕಿಂಗ್" ಅಂತ ಬರೆದರೆ ಏನೂ ಸರಿಯಾಗಲ್ಲ, ನಾಯಿ ಇನ್ನೂ ನಡೆಯುತ್ತಲೇ ಇರುತ್ತದೆ. ಆಪ್ಷನ್‌ಗಳಲ್ಲಿ ಈ ಬಲೆ ಇದ್ದೇ ಇರುತ್ತದೆ.

ಬೆಣ್ಣೆದೋಸೆ:
ಮೇಷ್ಟ್ರೇ, ತಕರಾರು. "ಮಳೆ ಬಂದು ಬೆಳೆ ಹಾಳಾಯಿತು" ಅಂತೀವಿ. ಬಂದಿದ್ದು ಮಳೆ, ಹಾಳಾಗಿದ್ದು ಬೆಳೆ. ಇಲ್ಲಿ "ಬಂದು"ಗೆ ಬೇರೆ ಕರ್ತೃ ಇದೆಯಲ್ಲ?

ಹಳೇ ಮೇಷ್ಟ್ರು:
ಇದೆ, ಆದರೆ ನೀವೇ ಅದನ್ನು ಹೆಸರಿಟ್ಟು ಹೇಳಿದ್ದೀರಿ. "ಮಳೆ" ಅಂತ. ಇಂಗ್ಲಿಷಿನಲ್ಲೂ ಅಷ್ಟು ಮಾಡಿದರೆ ಯಾರೂ ಕೇಳಲ್ಲ: "ದ ರೇನ್ಸ್ ಹ್ಯಾವಿಂಗ್ ಫೇಲ್ಡ್, ದ ಕ್ರಾಪ್ ವಾಸ್ ಲಾಸ್ಟ್." ಇದನ್ನು ಅಬ್ಸಲ್ಯೂಟ್ ರಚನೆ ಅಂತಾರೆ. "ಬೀಯಿಂಗ್ ಅ ಹಾಲಿಡೇ, ದ ಬ್ಯಾಂಕ್ ವಾಸ್ ಕ್ಲೋಸ್ಡ್" ತಪ್ಪು, "ಇಟ್ ಬೀಯಿಂಗ್ ಅ ಹಾಲಿಡೇ, ದ ಬ್ಯಾಂಕ್ ವಾಸ್ ಕ್ಲೋಸ್ಡ್" ಸರಿ ಅನ್ನೋದೂ ಇದೇ ಲೆಕ್ಕ. ಬ್ಯಾಂಕು ಹಾಲಿಡೇ ಅಲ್ಲ. ಆ "ಇಟ್" ಬಂದು ಕರ್ತೃವಿನ ಜಾಗ ತುಂಬಿತು, ಮುಗೀತು. ನಮ್ಮ ದೇಶದ ಪರೀಕ್ಷೆಗಳಿಗೆ ಈ "ಬೀಯಿಂಗ್" ಪ್ರಶ್ನೆ ಅಂದರೆ ಬಹಳ ಪ್ರೀತಿ, ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ಓದಿದವರಿಗೆ ನೆನಪಿರುತ್ತದೆ.

ಕಾಮಾ ಪಾರ್ಟಿ:
ಷಷ್ಠಿ ಬಲೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಬಾರ್ನ್ ಇನ್ ಧಾರವಾಡ್, ಬೇಂದ್ರೇಸ್ ಪೋಯಮ್ಸ್ ಆರ್ ಸಂಗ್ ಆಲ್ ಓವರ್ ಕರ್ನಾಟಕ." ಓದುವವರ ಕಣ್ಣಿಗೆ "ಬೇಂದ್ರೆ" ಕಂಡ ತಕ್ಷಣ ಸಮಾಧಾನವಾಗುತ್ತದೆ, ಸರಿ ಅಂತ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಆದರೆ ಕರ್ತೃ ಬೇಂದ್ರೆ ಅಲ್ಲ, ಪೋಯಮ್ಸ್. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ್ದು ಕವಿ.

ಬೆಣ್ಣೆದೋಸೆ:
ಕವನಗಳೂ ಅಲ್ಲೇ ಸಾಧನಕೇರಿಯಲ್ಲಿ ಹುಟ್ಟಿದ್ದಲ್ವಾ? 😄 ವಾಕ್ಯ ಸರಿಯಾಗೇ ಇದೆ ಬಿಡಿ.

ಕಾಮಾ ಪಾರ್ಟಿ:
ಆ ವಾದವನ್ನು ಪರೀಕ್ಷೆ ನಡೆಸುವವರ ಹತ್ತಿರ ಮಾಡಿ, ಅರ್ಧ ಮಾರ್ಕು ಅವರೇ ಕತ್ತರಿಸಿಕೊಳ್ಳುತ್ತಾರೆ. ಸಿಜಿಎಲ್ ಮೊದಲ ಹಂತದಲ್ಲಿ ತಪ್ಪು ಉತ್ತರಕ್ಕೆ 0.50 ಹೋಗುತ್ತದೆ.

ತುಂಗಾತೀರ:
ಅಂದರೆ ನಮ್ಮ ನೋಟ್ಸ್ ಹೇಳಿದ್ದು ಸರಿ ಅಂತಾಯಿತು? ಷಷ್ಠಿ ಇದ್ದರೆ ತಪ್ಪು?

ಸಾಗರದಾಚೆ:
ಇಲ್ಲ, ಇಲ್ಲೇ ಎಲ್ಲರೂ ಎರಡು ನಿಯಮವನ್ನು ಒಂದು ಮಾಡಿಬಿಡುತ್ತಾರೆ. ಇದರ ಬಗ್ಗೆ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು, ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

2002ರ ಅಕ್ಟೋಬರ್‌ನಲ್ಲಿ ಅಲ್ಲಿನ ಹೈಸ್ಕೂಲ್ ಮಕ್ಕಳು ಬರೆಯುವ ಪಿಎಸ್‌ಎಟಿ ಪರೀಕ್ಷೆಯಲ್ಲಿ ಒಂದು ವಾಕ್ಯ ಬಂತು. "ಟೋನಿ ಮಾರಿಸನ್ಸ್ ಜೀನಿಯಸ್ ಎನೇಬಲ್ಸ್ ಹರ್ ಟು ಕ್ರಿಯೇಟ್ ನಾವೆಲ್ಸ್" ಅಂತ ಶುರುವಾಗುತ್ತದೆ. ನಾಲ್ಕು ಜಾಗಕ್ಕೆ ಗೆರೆ ಹಾಕಿ ತಪ್ಪು ಎಲ್ಲಿದೆ ಅಂತ ಕೇಳಿದ್ದರು, ಐದನೆಯದು "ನೋ ಎರರ್." ಪರೀಕ್ಷೆ ತಯಾರಿಸಿದವರ ಪ್ರಕಾರ ಸರಿ ಉತ್ತರ "ನೋ ಎರರ್." ಮೇರಿಲ್ಯಾಂಡ್‌ನ ಒಬ್ಬ ಹೈಸ್ಕೂಲ್ ಶಿಕ್ಷಕರು ಒಪ್ಪಲಿಲ್ಲ. "ಹರ್" ಯಾರನ್ನು ಹೇಳುತ್ತಿದೆ? ಮಾರಿಸನ್ ಅವರನ್ನು. ಆದರೆ ವಾಕ್ಯದಲ್ಲಿ "ಮಾರಿಸನ್" ಅನ್ನೋ ನಾಮಪದವೇ ಇಲ್ಲ, "ಮಾರಿಸನ್ಸ್" ಅನ್ನೋ ವಿಶೇಷಣ ಮಾತ್ರ ಇದೆ, ವಿಶೇಷಣಕ್ಕೆ ಸರ್ವನಾಮ ತಗಲಬಾರದು ಅಂತ ಕೆಲವು ವ್ಯಾಕರಣ ಕೈಪಿಡಿಗಳು ಹೇಳುತ್ತವೆ ಅಂತ ಪತ್ರ ಬರೆದರು. ಪರೀಕ್ಷೆಯವರು ಮೊದಲು ಆಗಲ್ಲ ಅಂದರು. ಈತ ಬಿಡಲಿಲ್ಲ. ಕೊನೆಗೆ 2003ರಲ್ಲಿ ಆ ಪ್ರಶ್ನೆಯನ್ನೇ ಲೆಕ್ಕದಿಂದ ತೆಗೆದು ಅಂಕಗಳನ್ನು ಮತ್ತೆ ಹಾಕಿದರು.

ಇದನ್ನು ಕೇಳಿದವರು "ನೋಡಿ, ನಿಯಮ ಗೆದ್ದಿತು" ಅಂತಾರೆ. ನನಗೆ ಹಾಗನ್ನಿಸಲ್ಲ. ಪ್ರಶ್ನೆ ತೆಗೆದರು, ಅಷ್ಟೇ. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಭಾಷಾ ವಿಜ್ಞಾನಿಗಳೂ ಆಗ ಅದನ್ನೇ ಹೇಳಿದರು. "ರಾಮಾಸ್ ಮದರ್ ಲವ್ಸ್ ಹಿಮ್" ಅನ್ನೋದನ್ನು ಇಂಗ್ಲಿಷ್ ಮಾತೃಭಾಷೆಯ ಯಾವ ಮನುಷ್ಯನೂ ತಪ್ಪು ಅನ್ನಲ್ಲ. "ಹಿಮ್" ಯಾರು ಅಂತ ಮಗುವಿಗೂ ಗೊತ್ತಾಗುತ್ತದೆ.

ಈಗ ಬೇಂದ್ರೆ ವಾಕ್ಯಕ್ಕೆ ಬನ್ನಿ. ಅದು ಯಾಕೆ ತಪ್ಪು, ಇದು ಯಾಕೆ ಸರಿ? ಪ್ರೊನೌನ್ ಹುಡುಕುವುದು ಓದುಗನ ತಲೆಯಲ್ಲಿರುವ ವ್ಯಕ್ತಿಯನ್ನು. ಷಷ್ಠಿಯಲ್ಲಿ ಹೆಸರು ಬಂದರೂ ಆ ವ್ಯಕ್ತಿ ತಲೆಗೆ ಬಂದಾಯಿತು, ಸಾಕು. ಶುರುವಿನ ಮಾಡಿಫೈಯರ್ ಹುಡುಕುವುದು ವಾಕ್ಯದ ಕರ್ತೃವನ್ನು. ಅದಕ್ಕೆ ವ್ಯಕ್ತಿ ನೆನಪಿಗೆ ಬಂದರೆ ಸಾಲದು, ಕರ್ತೃವಿನ ಜಾಗದಲ್ಲೇ ಕೂತಿರಬೇಕು. ಹಾಗಾಗಿ ಷಷ್ಠಿ ಪ್ರೊನೌನ್‌ಗೆ ನಡೆಯುತ್ತದೆ, ಮಾಡಿಫೈಯರ್‌ಗೆ ನಡೆಯಲ್ಲ. ನಿಮ್ಮ ಟೀಚರ್ ವಾಕ್ಯ ನೂರಕ್ಕೆ ನೂರು ಸರಿ. ನೋಟ್ಸ್ ಬರೆದವರು ಈ ಎರಡನ್ನು ಕಲಸಿದ್ದಾರೆ.

ಕಾಮಾ ಪಾರ್ಟಿ:
ಇದನ್ನು ಪಿನ್ ಮಾಡಬೇಕು.

ಹಳೇ ಮೇಷ್ಟ್ರು:
ಒಪ್ಪಿದೆ. ಮ್ಯಾನೇಜರ್-ಕ್ಲರ್ಕ್ ವಾಕ್ಯ ಉಳಿದಿದೆ. ಕನ್ನಡದಲ್ಲಿ ಈ ತಾಪತ್ರಯ ಕಡಿಮೆ, ನಮಗೆ "ತಾನು" ಇದೆ. "ತಾನು ತಪ್ಪು ಮಾಡಿದ್ದಾಗಿ ಮ್ಯಾನೇಜರ್ ಕ್ಲರ್ಕ್‌ಗೆ ಹೇಳಿದ" ಅಂದರೆ ತಪ್ಪು ಮ್ಯಾನೇಜರ್‌ದು. "ಅವನು ತಪ್ಪು ಮಾಡಿದ್ದಾಗಿ" ಅಂದರೆ ಕ್ಲರ್ಕ್‌ದು, ಅಥವಾ ಮೂರನೆಯವನದು. ಇಂಗ್ಲಿಷಿನ "ಹೀ" ಎರಡು ಕೆಲಸವನ್ನೂ ಒಬ್ಬನೇ ಮಾಡಬೇಕು. ಆದ್ದರಿಂದ ಪರೀಕ್ಷೆಯಲ್ಲಿ ನಾಮಪದವನ್ನೇ ಮತ್ತೆ ಬರೆದ ಆಪ್ಷನ್ ಇದ್ದರೆ, "ದ ಕ್ಲರ್ಕ್ ಹ್ಯಾಡ್ ಮೇಡ್ ಅ ಮಿಸ್ಟೇಕ್" ಥರ, ಅದನ್ನೇ ತೆಗೆದುಕೊಳ್ಳಿ. ಕಿವಿಗೆ ಒರಟಾಗಿ ಕೇಳಿಸಿದರೂ ಪರವಾಗಿಲ್ಲ.

ಸಾಗರದಾಚೆ:
ಅಂಥ ಆಪ್ಷನ್ ಇಲ್ಲದಿದ್ದರೆ? ಅಲ್ಲೇ ಜಾಸ್ತಿ ಜನ ಎಡವುತ್ತಾರೆ. "ಅಸ್ಪಷ್ಟ" ಅನ್ನೋ ಕಾರಣಕ್ಕೆ ಮೊದಲ ಸುತ್ತಿನಲ್ಲೇ ಆಪ್ಷನ್ ಹೊಡೆದು ಹಾಕಬೇಡಿ. ವಾಕ್ಯದಲ್ಲಿ ಎರಡು ಬಹುವಚನ ನಾಮಪದ ಇದ್ದು ಆಮೇಲೆ ಒಂದು "ದೇ" ಬಂದರೆ ಅಷ್ಟಕ್ಕೇ ಅದು ತಪ್ಪಾಗಲ್ಲ. "ಫಾರ್ಮರ್ಸ್ ಸೋಲ್ಡ್ ದೇರ್ ಬುಲಕ್ಸ್ ಬಿಕಾಸ್ ದೇ ನೀಡೆಡ್ ಮನಿ." ಎತ್ತುಗಳಿಗೆ ದುಡ್ಡು ಬೇಕಿತ್ತಾ? ಯಾರೂ ಹಾಗೆ ಓದಲ್ಲ. ಎಂಬಿಎ ಸೇರಲು ಬರೆಯುವ ಹಳೇ ಜಿಮ್ಯಾಟ್‌ನ ಅಧಿಕೃತ ಪ್ರಶ್ನೆಗಳಲ್ಲೇ ಸರಿ ಉತ್ತರದೊಳಗೆ ಇಂಥ ಪ್ರೊನೌನ್‌ಗಳು ಇದ್ದವು. ಅರ್ಥ ಎರಡೂ ಕಡೆ ಸಮವಾಗಿ ಎಳೆದರೆ ಮಾತ್ರ ಅದು ತಪ್ಪು, ನಿಮ್ಮ ಮ್ಯಾನೇಜರ್ ವಾಕ್ಯದ ಹಾಗೆ.

ವಚನ ತಪ್ಪಿದ್ದರೆ ಮಾತ್ರ ದಯೆ ತೋರಿಸಬೇಡಿ. "ದ ಕಂಪನಿ ಅನೌನ್ಸ್ಡ್ ದಟ್ ದೇ ವುಡ್ ಹೈರ್" ಅಂತ ಅಮೆರಿಕದ ಪರೀಕ್ಷೆಯಲ್ಲಿ ಕಂಡರೆ ನೇರ ಕತ್ತರಿ, "ಇಟ್" ಬೇಕು.

ಹಳೇ ಮೇಷ್ಟ್ರು:
ಅಮೆರಿಕದ ಪರೀಕ್ಷೆಯಲ್ಲಿ. ನಮ್ಮಲ್ಲಿ ಬ್ರಿಟಿಷ್ ಕಡೆಯ ವಾಸನೆ ಇದೆ, ಆದ್ದರಿಂದ "ದ ಕಮಿಟಿ ವರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್" ಸರಿ ಅಂತ ಬರುತ್ತದೆ. ಸದಸ್ಯರು ಬೇರೆ ಬೇರೆಯಾಗಿ ಯೋಚಿಸಿದರೆ ಬಹುವಚನ, ಒಟ್ಟಾಗಿ ನಿರ್ಧಾರ ಮಾಡಿದರೆ ಏಕವಚನ. "ಒನ್ ಶುಡ್ ಡೂ ಒನ್ಸ್ ಡ್ಯೂಟಿ"ನೂ ಅದೇ ಥರ. ಇಲ್ಲಿ "ಒನ್ಸ್" ಕೇಳುತ್ತಾರೆ, ಅಮೆರಿಕನ್ನರು "ಹಿಸ್" ಅಂತಲೂ ಬರೆಯುತ್ತಾರೆ.

ಅಡಿಕೆ ಮರ:
ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. "ಎವ್ರಿಒನ್" ಬಂದರೆ "ಹಿಸ್" ಹಾಕಬೇಕಾ "ದೇರ್" ಹಾಕಬೇಕಾ? ಹುಡುಗಿಯರು ಕೂತು ಬರೆಯುವ ಪರೀಕ್ಷೆಯಲ್ಲೂ "ಎವ್ರಿಒನ್ ಮಸ್ಟ್ ಬ್ರಿಂಗ್ ಹಿಸ್ ಪೆನ್" ಅನ್ನೋದು ನೋಡಿದರೆ ಸಿಟ್ಟು ಬರುತ್ತದೆ.

ಸಾಗರದಾಚೆ:
ಸಿಟ್ಟು ಸರಿಯಾಗೇ ಇದೆ. ಏಕವಚನದ "ದೇ" ಈಗ ಪೂರ್ತಿ ಒಳಗೆ ಬಂದಿದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನೇ ವರ್ಷದ ಪದ ಅಂತ ಆರಿಸಿತು. ಅಮೆರಿಕದ ಮನಃಶಾಸ್ತ್ರ ಸಂಘದ ಬರವಣಿಗೆ ಕೈಪಿಡಿಯ ಏಳನೇ ಆವೃತ್ತಿಯೂ ಅದೇ ವರ್ಷ ಒಪ್ಪಿತು.

ಹಳೇ ಮೇಷ್ಟ್ರು:
ನಮ್ಮ ಕಡೆ ಈ "ಹಿಸ್" ಬರೀ ವ್ಯಾಕರಣ ಪುಸ್ತಕದ್ದಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಸೆಕ್ಷನ್ ನೋಡಿ, ಪುಲ್ಲಿಂಗದ ಪದಗಳು ಹೆಂಗಸರನ್ನೂ ಒಳಗೊಳ್ಳುತ್ತವೆ ಅಂತ ಇದೆ. ಕಾನೂನು, ಸರ್ಕಾರಿ ಆದೇಶ, ಅರ್ಜಿ ನಮೂನೆ ಎಲ್ಲ ಅದೇ ಅಭ್ಯಾಸದಲ್ಲಿ ಬೆಳೆದವು. ಪ್ರಶ್ನೆ ತಯಾರಿಸುವವರೂ ಅದೇ ಗಾಳಿ ಕುಡಿದವರು. ಎರಡೂ ಆಪ್ಷನ್ ಎದುರಿಗಿದ್ದರೆ ಇಲ್ಲಿನ ಪರೀಕ್ಷೆಯಲ್ಲಿ "ಹಿಸ್" ಅಥವಾ "ಹಿಸ್ ಆರ್ ಹರ್" ಹಾಕಿ ಮಾರ್ಕು ತೆಗೆದುಕೊಳ್ಳಿ. "ಈಚ್ ಆಫ್ ದ ಗರ್ಲ್ಸ್" ಅಂತ ಇದ್ದರೆ "ಹರ್", ಅದರಲ್ಲಿ ಜಗಳವಿಲ್ಲ. ಬೇಜಾರಾಗಿದ್ದರೆ ತಾತ್ಕಾಲಿಕ ಕೀ ಉತ್ತರ ಬಂದಾಗ ಪ್ರಶ್ನೆಗಿಷ್ಟು ಅಂತ ಶುಲ್ಕ ಕಟ್ಟಿ ಆಕ್ಷೇಪಣೆ ಹಾಕಬಹುದು.

ಅಡಿಕೆ ಮರ:
ಮಾರ್ಕು ತೆಗೆದುಕೊಂಡು ಆಮೇಲೆ ಆಕ್ಷೇಪಣೆ ಹಾಕಿದರೆ ನಂದೇ ಮಾರ್ಕು ಹೋಗುತ್ತದಲ್ಲ ಮೇಷ್ಟ್ರೇ.

ಹಳೇ ಮೇಷ್ಟ್ರು:
ತತ್ವಕ್ಕೆ ಬೆಲೆ ಇರುತ್ತದೆ.

ಬೆಣ್ಣೆದೋಸೆ:
"ವಿಚ್" ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನನಗೆ ಅದೇ ದೊಡ್ಡ ತಲೆನೋವು. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ 2024ರ ಆಗಸ್ಟ್‌ನಲ್ಲಿ ತುಂಡಾಯಿತಲ್ಲ, ಅದರ ಬಗ್ಗೆ ಒಂದು ಪ್ಯಾರಾ ಬರೆದೆ. "ದ ಚೈನ್ ಸ್ನ್ಯಾಪ್ಡ್ ಅಟ್ ದ ಡ್ಯಾಮ್, ವಿಚ್ ಅಲಾರ್ಮ್ಡ್ ದ ಫಾರ್ಮರ್ಸ್." ತಿದ್ದಿದವರು ಕೆಂಪು ಗೆರೆ ಎಳೆದರು.

ಕಾಮಾ ಪಾರ್ಟಿ:
"ವಿಚ್" ತನ್ನ ಪಕ್ಕದಲ್ಲಿರುವ ನಾಮಪದಕ್ಕೆ ಅಂಟುತ್ತದೆ. ನೀವು ಬರೆದಿದ್ದರಲ್ಲಿ ರೈತರನ್ನು ಹೆದರಿಸಿದ್ದು ಡ್ಯಾಮ್. ನಿಮ್ಮ ಮನಸ್ಸಿನಲ್ಲಿದ್ದದ್ದು ಚೈನ್ ತುಂಡಾದ ಸಂಗತಿ. ಕನ್ನಡದಲ್ಲಿ "ಚೈನ್ ತುಂಡಾಯಿತು, ಇದರಿಂದ ರೈತರು ಹೆದರಿದರು" ಅನ್ನುವಾಗ "ಇದು" ಇಡೀ ಸಂಗತಿಯನ್ನೇ ಹಿಡಿದುಕೊಳ್ಳುತ್ತದೆ, ಅದೇ ರೂಢಿಯಲ್ಲಿ "ವಿಚ್" ಬಂದುಬಿಡುತ್ತದೆ. ಎರಡು ಪರಿಹಾರ. "ದ ಚೈನ್ ಸ್ನ್ಯಾಪ್ಡ್ ಅಟ್ ದ ಡ್ಯಾಮ್, ಅಲಾರ್ಮಿಂಗ್ ದ ಫಾರ್ಮರ್ಸ್" ಅಂತ ಬರೆಯಿರಿ, ಕೊನೆಯಲ್ಲಿ ಕಾಮಾ ಹಾಕಿ ಬರುವ "ಇಂಗ್" ಇಡೀ ಘಟನೆಗೆ ಸೇರುತ್ತದೆ. ಇಲ್ಲವೇ ಆ ಸಂಗತಿಗೆ ಒಂದು ಹೆಸರು ಕೊಡಿ, "ಆನ್ ಇನ್ಸಿಡೆಂಟ್ ದಟ್ ಅಲಾರ್ಮ್ಡ್ ದ ಫಾರ್ಮರ್ಸ್."

ಸಾಗರದಾಚೆ:
ಒಂದು ಮಾತು ಸೇರಿಸುತ್ತೇನೆ. ಇಡೀ ಸಂಗತಿಗೆ "ವಿಚ್" ಹಾಕುವುದು ದಿನಬಳಕೆಯ ಇಂಗ್ಲಿಷಿನಲ್ಲಿ ತಪ್ಪಲ್ಲ, ಒಳ್ಳೊಳ್ಳೆ ಲೇಖಕರು ಹಾಕುತ್ತಾರೆ. ಅದನ್ನು ತಪ್ಪು ಅಂತ ಹಟ ಹಿಡಿದಿದ್ದು ಜಿಮ್ಯಾಟ್. ಆದರೆ ಇದನ್ನೂ ತಿಳಿದುಕೊಳ್ಳಿ, ಜಿಮ್ಯಾಟ್‌ನಲ್ಲಿ ಈಗ ವಾಕ್ಯ ತಿದ್ದುವ ಪ್ರಶ್ನೆಯೇ ಇಲ್ಲ. 2023ರ ನವೆಂಬರ್‌ನಲ್ಲಿ ಹೊಸ ಮಾದರಿ ಬಂತು, ಹಳೆಯದು 2024ರ ಜನವರಿ ಕೊನೆಗೆ ಮುಗಿಯಿತು. ಈಗ ವರ್ಬಲ್ ಭಾಗದಲ್ಲಿ ಓದಿ ಅರ್ಥಮಾಡಿಕೊಳ್ಳುವುದು ಮತ್ತು ತರ್ಕ ಅಷ್ಟೇ. ಅಂತರ್ಜಾಲದಲ್ಲಿ ಸಿಗುವ ಸಾವಿರಾರು ಪುಟದ ಹಳೇ ವಿವರಣೆಗಳನ್ನು ಜಿಮ್ಯಾಟ್‌ಗೆ ಅಂತ ಕೂತು ಓದುತ್ತಿರುವವರು ದಯವಿಟ್ಟು ನಿಲ್ಲಿಸಿ. ಅಮೆರಿಕದ ಕಾಲೇಜು ಸೇರಲು ಎಸ್‌ಎಟಿ ಬರೆಯುವ ಮಕ್ಕಳಿದ್ದರೆ ಅವರಿಗೆ ಬೇಕು, ಡಿಜಿಟಲ್ ಆದ ಮೇಲೂ ಅದರಲ್ಲಿ ಕರ್ತೃ-ಮಾಡಿಫೈಯರ್ ಮತ್ತು ಪ್ರೊನೌನ್ ಹೊಂದಿಕೆ ಎರಡನ್ನೂ ಕೇಳುತ್ತಾರೆ.

ಅಡಿಕೆ ಮರ:
"ಓನ್ಲಿ" ಎಲ್ಲಿ ಹಾಕಬೇಕು ಅನ್ನೋದೂ ಮಾಡಿಫೈಯರ್ ಲೆಕ್ಕದಲ್ಲೇ ಬರುತ್ತದಾ?

ಕಾಮಾ ಪಾರ್ಟಿ:
ಬರುತ್ತದೆ. ಕನ್ನಡದಲ್ಲಿ "ಏ" ಅನ್ನೋದು ಯಾವ ಪದಕ್ಕೆ ಬೇಕೋ ಅದರ ಬಾಲಕ್ಕೇ ಕೂತುಕೊಳ್ಳುತ್ತದೆ: ನಾನೇ, ನಿನ್ನೆಯೇ, ಅಲ್ಲೇ. ಆ ಅಭ್ಯಾಸದಲ್ಲೇ ನಾವು "ಐ ಕೇಮ್ ಯೆಸ್ಟರ್‌ಡೇ ಓನ್ಲಿ" ಅಂತೀವಿ. ಪರೀಕ್ಷೆಯಲ್ಲಿ ಅದನ್ನು ಒತ್ತು ಬೇಕಾದ ಪದದ ಮುಂಚೆ ಇಡಿ. "ಹೀ ಓನ್ಲಿ ಲೆಂಟ್ ಮೀ ಟೆನ್ ರುಪೀಸ್" ಬದಲು "ಹೀ ಲೆಂಟ್ ಮೀ ಓನ್ಲಿ ಟೆನ್ ರುಪೀಸ್."

ಬೆಣ್ಣೆದೋಸೆ:
ಹಾಗಾದರೆ "ಕನ್ಸಿಡರಿಂಗ್ ದ ಟ್ರಾಫಿಕ್, ದ ಬಸ್ ವಾಸ್ ಅರ್ಲಿ" ತಪ್ಪಲ್ವಾ? ಬಸ್ಸು ಟ್ರಾಫಿಕ್ಕನ್ನು ಪರಿಗಣಿಸಿತಾ?

ಹಳೇ ಮೇಷ್ಟ್ರು:
ತಪ್ಪಲ್ಲ. "ಕನ್ಸಿಡರಿಂಗ್", "ಜಡ್ಜಿಂಗ್ ಫ್ರಮ್", "ಜನರಲಿ ಸ್ಪೀಕಿಂಗ್" ಇವೆಲ್ಲ ಬಳಸಿ ಬಳಸಿ ಕರ್ತೃವಿನ ಹಂಗು ಬಿಟ್ಟಿವೆ. ಇಂಥವು ಕೈಬೆರಳೆಣಿಕೆಯಷ್ಟು, ಬಾಯಿಪಾಠ ಮಾಡಿಬಿಡಿ.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದರೆ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ಅದರಲ್ಲಿ ಇಂಗ್ಲಿಷ್ 25. ಇಷ್ಟೆಲ್ಲ ಯೋಚಿಸಲು ಎಲ್ಲಿ ಟೈಮು? ಯಾವುದನ್ನು ಮೊದಲು ನೋಡಲಿ?

ಸಾಗರದಾಚೆ:
ವಾಕ್ಯ "ಇಂಗ್", "ಎಡ್" ಅಥವಾ "ಟು" ಇಂದ ಶುರುವಾಗಿದ್ದರೆ ಕಾಮಾ ದಾಟಿ ನೇರ ಕರ್ತೃ ನೋಡಿ, ಐದು ಸೆಕೆಂಡಿನ ಕೆಲಸ. ಹಾಗೆ ಶುರುವಾಗದಿದ್ದರೆ "ಇಟ್, ದೇ, ಇಟ್ಸ್, ದೇರ್" ಹುಡುಕಿ ವಚನ ಹೊಂದುತ್ತದಾ ನೋಡಿ. ಅಸ್ಪಷ್ಟತೆಗೆ ಕೈ ಹಾಕುವುದು ಬೇರೆ ಯಾವ ತಪ್ಪೂ ಸಿಗದಿದ್ದಾಗ ಮಾತ್ರ. ಷಷ್ಠಿ ನಿಯಮ ಪ್ರೊನೌನ್‌ಗೆ ಮರೆತುಬಿಡಿ.

ತುಂಗಾತೀರ:
ಕೊನೆಯದೊಂದು. "ಆನ್ ರೀಚಿಂಗ್ ದ ಸ್ಟೇಷನ್ / ದ ಟ್ರೈನ್ ಹ್ಯಾಡ್ / ಆಲ್‌ರೆಡಿ ಲೆಫ್ಟ್ / ನೋ ಎರರ್." ತಪ್ಪು ಇದೆ ಅಂತ ಗೊತ್ತಾಯಿತು, ಟ್ರೈನ್ ಸ್ಟೇಷನ್ ತಲುಪಿ ಹೊರಡಲಿಲ್ಲ, ನಾವು ತಲುಪಿದ್ದು. ಆದರೆ ತಪ್ಪು ಎ ಭಾಗದಲ್ಲಾ ಬಿ ಭಾಗದಲ್ಲಾ? "ವೆನ್ ವೀ ರೀಚ್ಡ್" ಅಂತ ಎ ತಿದ್ದಿದರೂ ಸರಿಯಾಗುತ್ತದೆ, "ವೀ ಫೌಂಡ್ ದಟ್ ದ ಟ್ರೈನ್ ಹ್ಯಾಡ್" ಅಂತ ಬಿ ತಿದ್ದಿದರೂ ಸರಿಯಾಗುತ್ತದೆ.

ಹಳೇ ಮೇಷ್ಟ್ರು:
ಇದು ಕೆಟ್ಟ ಪ್ರಶ್ನೆ, ನೀವು ಹೇಳಿದ ಕಾರಣಕ್ಕೇ. ಎ ಭಾಗವನ್ನು ಒಂದನ್ನೇ ಓದಿದರೆ ಅದರಲ್ಲಿ ಏನೂ ತಪ್ಪಿಲ್ಲ, "ಆನ್ ರೀಚಿಂಗ್ ದ ಸ್ಟೇಷನ್" ಅಂತ ಒಳ್ಳೆ ವಾಕ್ಯ ಶುರು ಮಾಡಬಹುದು. ಎಡವಟ್ಟಾಗುವುದು ತಪ್ಪು ಕರ್ತೃ ಬಂದಾಗ, ಅಂದರೆ ಬಿ ಭಾಗದಲ್ಲಿ. ನಾನಾದರೆ ಬಿ ಹಾಕುತ್ತೇನೆ. ಕೀಯಲ್ಲಿ ಎ ಬಂದರೆ ಮೇಲೆ ಹೇಳಿದ ಶುಲ್ಕ ಕಟ್ಟುವ ಯೋಚನೆ ಮಾಡಿ.